ಆಮೆ ಮತ್ತು ಮೀನು: ಒಂದೇ ಟ್ಯಾಂಕೋ, ಬೇರೆ ಬೇರೆಯೋ, ಹಿತ್ತಲ ತೊಟ್ಟಿಯೋ?

ಆಮೆಯನ್ನೂ ಮೀನನ್ನೂ ಒಟ್ಟಿಗೆ ಸಾಕಬೇಕೆನ್ನುವವರೆಲ್ಲ ಮೊದಲು ಕೇಳುವುದು ಒಂದೇ ಮಾತು: ಆಮೆ ಮೀನನ್ನು ತಿನ್ನುತ್ತದೆಯೇ? ತಿನ್ನುತ್ತದೆ. ಇವತ್ತು ಇಲ್ಲದಿದ್ದರೆ ಇನ್ನಾರು ತಿಂಗಳಿಗೆ. ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ನಿಮ್ಮ ಓಣಿಗೆ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಬಂದ ನೀರಿನಲ್ಲಿ ಎಷ್ಟು ಕೊಡ ಆಮೆಗೆಂದು ಎತ್ತಿಡಬಲ್ಲಿರಿ? ಒಟ್ಟಿಗೆ ಬಿಟ್ಟ ಮೀನುಗಳಿಗೆ ಆಮೆಯ ಬಾಯಿ ಎಷ್ಟು ಅಪಾಯವೋ, ಅದು ಹೊಲಸು ಮಾಡಿದ ನೀರು ಅದಕ್ಕಿಂತ ದೊಡ್ಡ ಅಪಾಯ. ಕೆಳಗಿನ ಹೋಲಿಕೆಯನ್ನು ಈ ನೀರಿನ ಲೆಕ್ಕ ಹಿಡಿದೇ ಮಾಡಿದೆ.

ಅಂಗಡಿಯಲ್ಲಿ ಕೊಡುವ ಆಮೆ ಯಾವುದು

ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು, ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟಿ. ಇದು ರೆಡ್ ಇಯರ್ಡ್ ಸ್ಲೈಡರ್, ಮೂಲ ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. "ಇದು ಇಷ್ಟ ಇರ್ತದ್ರೀ, ಮೀನಿನ ಜೋಡಿ ಬಿಡ್ರಿ, ಏನೂ ಮಾಡಂಗಿಲ್ಲ" ಎಂಬ ಮಾತು ಕೇಳಿ ಕೊಂಡು ಬಂದವರು ಬಹಳ. ಅದು ಇಷ್ಟೇ ಇರುವುದಿಲ್ಲ. ಗಂಡು 15-20 ಸೆಂಟಿಮೀಟರ್, ಹೆಣ್ಣು 25-30 ಸೆಂಟಿಮೀಟರ್ ಬೆಳೆಯುತ್ತದೆ. ಸರಿಯಾಗಿ ನೋಡಿಕೊಂಡರೆ 20ರಿಂದ 40 ವರ್ಷ ಬದುಕುತ್ತದೆ. ಮರಿಯಲ್ಲಿ ಗಂಡು-ಹೆಣ್ಣು ಗೊತ್ತಾಗುವುದಿಲ್ಲ. ಚಿಪ್ಪು 10 ಸೆಂಟಿಮೀಟರ್ ದಾಟಿದ ಮೇಲೆ ಮುಂಗಾಲಿನ ಉಗುರು ಉದ್ದವಾಗಿ, ಬಾಲ ದಪ್ಪವಾಗಿದ್ದರೆ ಗಂಡು. ಹಾಗಾಗಿ ಕೊಳ್ಳುವಾಗಲೇ ಹೆಣ್ಣಿನ ಅಳತೆಗೆ ಜಾಗ ಯೋಚಿಸಬೇಕು.

ಕೆರೆಯಲ್ಲಿ, ಗದ್ದೆಯ ಕಾಲುವೆಯಲ್ಲಿ ಸಿಗುವ ಮೆತ್ತನೆ ಅಂಚಿನ ಆಮೆಯನ್ನಾಗಲಿ, ನಕ್ಷತ್ರ ಆಮೆಯನ್ನಾಗಲಿ ಮನೆಗೆ ತರುವಂತಿಲ್ಲ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಹಿಡಿದು ಸಾಕುವುದು ಅಪರಾಧ. ನಕ್ಷತ್ರ ಆಮೆಯಂತೂ ನೆಲದ ಪ್ರಾಣಿ, ನೀರಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ವಾಸ್ತುವಿಗಾಗಿ ಆಮೆ ಬೇಕೆನ್ನುವವರಿಗೆ ಹಿತ್ತಾಳೆಯದೇ ಒಳ್ಳೆಯದು, ಅದಕ್ಕೆ ನೀರು ಬದಲಿಸುವ ಕೆಲಸ ಇಲ್ಲ.

ನೀರಿನ ಲೆಕ್ಕ

ಚಿಪ್ಪಿನ ಉದ್ದದ ಪ್ರತಿ ಸೆಂಟಿಮೀಟರಿಗೆ 15 ಲೀಟರ್ ನೀರು. ಇದು ಆಮೆಗೆ ಮಾತ್ರ, ಮೀನಿನ ಪಾಲು ಬೇರೆ. 18 ಸೆಂಟಿಮೀಟರಿನ ಗಂಡಿಗೆ 270 ಲೀಟರ್, 28 ಸೆಂಟಿಮೀಟರಿನ ಹೆಣ್ಣಿಗೆ 420 ಲೀಟರ್. ಟ್ಯಾಂಕಿನ ಅಳತೆಯನ್ನು ಅಡಿಯಲ್ಲಿ ಹೇಳುವುದು ನಮ್ಮ ಕಡೆಯ ರೂಢಿ. ಉದ್ದ, ಅಗಲ, ಎತ್ತರ ಗುಣಿಸಿ ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಪಡಸಾಲೆಯ ಮೂಲೆಯಲ್ಲಿ ಕೂರುವ 2×1×1 ಅಡಿಯ ಟ್ಯಾಂಕು ಎಂದರೆ 56 ಲೀಟರ್. ನಾಲ್ಕು ಸೆಂಟಿಮೀಟರಿನ ಮರಿಗೇ ಅದು ಸರಿಹೋಗುತ್ತದೆ, ಚೆನ್ನಾಗಿ ತಿಂದರೆ ವರ್ಷದೊಳಗೆ ಸಾಲುವುದಿಲ್ಲ.

ನೀರು ಯಾಕೆ ಇಷ್ಟು ಬೇಕು? ಆಮೆ ಮೀನಿಗಿಂತ ಎಷ್ಟೋ ಪಾಲು ಹೆಚ್ಚು ಹೊಲಸು ಮಾಡುತ್ತದೆ. ತಿನ್ನುವಾಗ ಹರಿದು ಚೆಲ್ಲಾಡುತ್ತದೆ. ಆ ಚೂರುಗಳೂ ಹಿಕ್ಕೆಯೂ ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಇವುಗಳಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ಇಲ್ಲಿ ಆಮೆಗೂ ಮೀನಿಗೂ ಇರುವ ದೊಡ್ಡ ವ್ಯತ್ಯಾಸ ಗಮನಿಸಿ: ಆಮೆ ತಲೆ ಮೇಲೆತ್ತಿ ಪುಪ್ಪಸದಿಂದ ಗಾಳಿ ಎಳೆಯುತ್ತದೆ, ಮೀನು ಅದೇ ನೀರನ್ನು ಕಿವಿರಿನಲ್ಲಿ ಹಾಯಿಸಿ ಉಸಿರಾಡುತ್ತದೆ. ನೀರು ಕೆಟ್ಟಾಗ ಆಮೆ ಆರಾಮಾಗಿ ಈಜುತ್ತಿರುತ್ತದೆ, ಮೀನು ಮಾತ್ರ ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಮರುದಿನ ತೇಲಿದ ಮೀನನ್ನು ಆಮೆ ಕಚ್ಚಿ ಎಳೆದಾಡುವುದನ್ನು ಕಂಡು ಅದೇ ಕೊಂದಿತೆಂದು ಬೈಯುತ್ತೇವೆ.

ಗದಗ ಕಡೆಯ ಬೋರ್ ನೀರಿಗೆ ಇನ್ನೊಂದು ತೊಡಕು. ಗಡಸು ನೀರಿನ ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂದು ತೋರಿಸುವ ಅಳತೆ) 8ರ ಆಸುಪಾಸು ಇರುವುದುಂಟು. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದಲ್ಲಿ ವಿಷವಾಗಿರುವ ಭಾಗ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ, ನೀರು ಬಿಸಿಯಾದಷ್ಟೂ ಮತ್ತೂ ಹೆಚ್ಚುತ್ತದೆ. ಹುಬ್ಬಳ್ಳಿಯ ಮಲಪ್ರಭೆ ನೀರಿನಲ್ಲಿ ತಡೆದುಕೊಂಡ ಮೀನು, ಅಷ್ಟೇ ಅಮೋನಿಯಾ ಇದ್ದರೂ ಏಪ್ರಿಲ್ ತಿಂಗಳ ಬೋರ್ ನೀರಿನಲ್ಲಿ ತಡೆಯಲಿಕ್ಕಿಲ್ಲ.

ಆಯ್ಕೆ ಒಂದು: ಒಂದೇ ಟ್ಯಾಂಕಿನಲ್ಲಿ ಎರಡೂ

ನೋಡಲು ಚಂದ ಇದೇ. ನಡೆಸಲು ಕಷ್ಟವೂ ಇದೇ. ಮಾಡಲೇಬೇಕೆಂದರೆ 4×2×2 ಅಡಿಗಿಂತ ಕಡಿಮೆ ಬೇಡ, ಗಾಜು 12 ಎಂಎಂ. ಆಮೆ ಏರಿ ಹೊರಬೀಳದಂತೆ ಮುಕ್ಕಾಲು ಮಾತ್ರ ತುಂಬಿಸಬೇಕಾದ್ದರಿಂದ ಅದರಲ್ಲಿ ನಿಲ್ಲುವುದು 340 ಲೀಟರ್. 18 ಸೆಂಟಿಮೀಟರಿನ ಒಂದು ಗಂಡಿಗೆ 270 ಹೋದರೆ ಮೀನಿಗೆ ಉಳಿಯುವುದು 70. ಅಂದರೆ ಹನ್ನೆರಡರಿಂದ ಹದಿನೈದು ಸಣ್ಣ ಮೀನು, ಮುಗಿಯಿತು. ಹೆಣ್ಣಾಮೆ ಆದರೆ ಅದಕ್ಕೇ ಸಾಲದು. ನೀರು, ಗಾಜು, ಸ್ಟ್ಯಾಂಡು ಸೇರಿ 450 ಕಿಲೋ ದಾಟುತ್ತದೆ, ಹಳೆಯ ಜಂತಿ ಮನೆಯ ಮೇಲಂತಸ್ತಿನಲ್ಲಿ ಇಡುವ ಸಾಮಾನಲ್ಲ.

ವಾರಕ್ಕೆ ನೂರಕ್ಕೆ 40 ಭಾಗ ನೀರು ಬದಲಿಸಬೇಕು. 340ರಲ್ಲಿ ಅದು 135 ಲೀಟರ್, 15 ಲೀಟರಿನ ಕೊಡದಲ್ಲಿ ಒಂಬತ್ತು ಕೊಡ. ನಳ ಎಂಟು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಒಂದು ಸಲ ಪೈಪು ಒಡೆದು ಹದಿನೈದು ದಿನವಾದರೆ ಮನೆಯವರು ಆ ಒಂಬತ್ತು ಕೊಡ ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡಬೇಕಾಗಿಯೂ ಇಲ್ಲ. ಮೊದಲು ಹೋಗುವುದು ಮೀನು.

ಫಿಲ್ಟರು ನೀರಿನ ಎರಡು-ಮೂರು ಪಟ್ಟಿನ ಟ್ಯಾಂಕಿಗೆಂದು ಬರೆದದ್ದಿರಬೇಕು. 340 ಲೀಟರಿಗೆ 700ರಿಂದ 1000 ಲೀಟರಿನ ಟ್ಯಾಂಕಿಗೆ ಮಾಡಿದ ಕ್ಯಾನಿಸ್ಟರ್, ಅಂದರೆ ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರು. ಒಳಗೆ ನೇತುಹಾಕುವ ಸಣ್ಣ ಪವರ್ ಫಿಲ್ಟರನ್ನು ಆಮೆ ಎರಡು ದಿನದಲ್ಲಿ ಕಿತ್ತು ಮಲಗಿಸುತ್ತದೆ. ಕರೆಂಟು ನಾಲ್ಕೈದು ತಾಸು ಹೋದರೆ ಮುಚ್ಚಿದ ಕ್ಯಾನಿಸ್ಟರಿನೊಳಗಿನ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯತೊಡಗುತ್ತವೆ. ಕರೆಂಟು ಬಂದ ಕೂಡಲೇ ಸ್ವಿಚ್ ಹಾಕಿದರೆ ಆ ಕೊಳೆತ ನೀರು ನೇರ ಟ್ಯಾಂಕಿಗೆ ಬರುತ್ತದೆ. ಮುಚ್ಚಳ ತೆಗೆದು ಮೂಸಿ ನೋಡಿ. ಮೊಟ್ಟೆ ಕೊಳೆತ ವಾಸನೆ ಬಂದರೆ ಆ ನೀರು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನದೇ ನೀರಿನಲ್ಲಿ ಅದ್ದಿ ಹಿಂಡಿ, ಆಮೇಲೆ ಚಾಲೂ ಮಾಡಿ. ನಳದ ಕೆಳಗೆ ಹಿಡಿದು ತೊಳೆದರೆ ಕ್ಲೋರಿನ್ ಉಳಿದ ಬ್ಯಾಕ್ಟೀರಿಯಾವನ್ನೂ ಮುಗಿಸುತ್ತದೆ.

ತಿನ್ನುವ ವಿಚಾರಕ್ಕೆ ಬಂದರೆ, ಆಮೆ ಹಗಲು ಮೀನಿನ ಬೆನ್ನು ಹತ್ತಿ ಸೋಲುತ್ತದೆ. ಮೀನು ಕಳೆದುಹೋಗುವುದು ರಾತ್ರಿ, ಅವು ಅಲುಗದೆ ನಿಂತಾಗ. ಆಮೆಗೆ ಬೇರೆ ಟಬ್ಬಿನಲ್ಲಿ ಹತ್ತು-ಹದಿನೈದು ನಿಮಿಷ ತಿನ್ನಿಸಿ ತಂದು ಬಿಡುವ ರೂಢಿಯಿಂದ ಎರಡು ಲಾಭ: ಹೊಟ್ಟೆ ತುಂಬಿದ ಆಮೆ ಮೀನಿನ ಗೊಡವೆಗೆ ಹೋಗುವುದು ಕಡಿಮೆ, ಚೆಲ್ಲಿದ ಚೂರು ಟ್ಯಾಂಕಿಗೆ ಬೀಳುವುದಿಲ್ಲ.

ಯಾವ ಮೀನು ತಡೆದೀತು

ಚುರುಕಿನವು, ಹಿಂಡಿನಲ್ಲಿರುವವು, ಮೇಲಿನ-ನಡುವಿನ ನೀರಿನಲ್ಲಿ ಓಡಾಡುವವು. ಜೀಬ್ರಾ ಡೇನಿಯೋ, ಜೈಂಟ್ ಡೇನಿಯೋ, ರೋಸಿ ಬಾರ್ಬ್. ನಮ್ಮ ಪಶ್ಚಿಮ ಘಟ್ಟದ ಹಳ್ಳಗಳಲ್ಲೇ ಇರುವ ಮಲಬಾರ್ ಡೇನಿಯೋ ಓಟದಲ್ಲಿ ಯಾವುದಕ್ಕೂ ಕಡಿಮೆ ಇಲ್ಲ. ಸೊಳ್ಳೆಮರಿ ತಿನ್ನಲೆಂದು ಬಾವಿ-ತೊಟ್ಟಿಗಳಿಗೆ ಬಿಡುವ ಗಪ್ಪಿಯನ್ನು ಆಮೆ ತಿನ್ನುತ್ತಲೇ ಇರುತ್ತದೆ, ಅದೂ ಮರಿ ಹಾಕುತ್ತಲೇ ಇರುತ್ತದೆ. ಕಳೆದುಕೊಂಡರೆ ಬೇಸರವಿಲ್ಲ ಎನ್ನುವವರಿಗೆ ಅದು ಸರಿ.

ಗೋಲ್ಡ್‌ಫಿಶ್ ಬೇಡ. ಹೊಟ್ಟೆ ದಪ್ಪ, ಬಾಲ ಉದ್ದ, ಓಟ ನಿಧಾನ. ಮೊದಲು ಬಾಲದ ಅಂಚು ಹರಿಯುತ್ತದೆ, ಆ ಗಾಯಕ್ಕೆ ಬೂಸುರು ಹಿಡಿಯುತ್ತದೆ, ವಾರದಲ್ಲಿ ಮೀನು ಇಲ್ಲ. ಇನ್ನೂ ಒಂದು ಕಾರಣವಿದೆ: ಗೋಲ್ಡ್‌ಫಿಶ್ ಮೈಯಲ್ಲಿ ಥಯಮಿನೇಸ್ ಎಂಬ ಕಿಣ್ವ ಇರುತ್ತದೆ, ಅದು ಬಿ1 ಜೀವಸತ್ವವನ್ನು ಒಡೆಯುತ್ತದೆ. ಅಗ್ಗವೆಂದು ಆಮೆಗೆ ದಿನಾ ಅದನ್ನೇ ಹಾಕುವವರ ಆಮೆ ಕಾಲಕ್ರಮದಲ್ಲಿ ನಿತ್ರಾಣವಾಗುತ್ತದೆ. ಏಂಜೆಲ್, ಫೈಟರ್ ಕೂಡ ರೆಕ್ಕೆಯ ಕಾರಣಕ್ಕೇ ಬೇಡ.

"ಟ್ಯಾಂಕ್ ಕ್ಲೀನರ್" ಎಂದು ಮಾರುವ ಸಕ್ಕರ್ ಫಿಶ್ ವಿಷಯದಲ್ಲಿ ಹೆಚ್ಚು ಜನ ಮೋಸ ಹೋಗುತ್ತಾರೆ. ಅದು ಆಮೆಯ ಹಿಕ್ಕೆ ತಿನ್ನುವುದಿಲ್ಲ, ತನ್ನದನ್ನೂ ಅಷ್ಟೇ ಸೇರಿಸುತ್ತದೆ. ದೊಡ್ಡದಾದ ಮೇಲೆ ರಾತ್ರಿ ಆಮೆಯ ಚಿಪ್ಪಿಗೆ ಅಂಟಿಕೊಂಡು ಕೆರೆಯುವುದುಂಟು. ಆಮೆ ಅದನ್ನು ನುಂಗಲು ಹೋದರೆ ರೆಕ್ಕೆಯ ಮುಳ್ಳು ಸೆಟೆದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೋರಿಡೋರಾಸ್ ಮೀನಿಗೂ ಅಂಥದೇ ಮುಳ್ಳು. ಆಸ್ಕರ್‌ನಂಥ ಜಗಳಗಂಟ ಮೀನು ಸಣ್ಣ ಆಮೆಯ ಕಾಲನ್ನೇ ಕಚ್ಚುತ್ತದೆ.

ಆಯ್ಕೆ ಎರಡು: ನಡುವೆ ಗೋಡೆ

ಒಂದೇ ಟ್ಯಾಂಕಿಗೆ ತೂತಿನ ಅಕ್ರಿಲಿಕ್ ಹಾಳೆ ನಿಲ್ಲಿಸಿ ಆಚೆ ಆಮೆ, ಈಚೆ ಮೀನು ಇಡುವುದು. ಬಾಯಿಯಿಂದ ಮೀನು ಉಳಿಯುತ್ತದೆ, ನೀರಿನಿಂದ ಉಳಿಯುವುದಿಲ್ಲ, ಯಾಕೆಂದರೆ ನೀರು ಒಂದೇ. ಆಮೆಯ ಜಾಗವೂ ಅರ್ಧವಾಯಿತು. ಆದರೂ ಮಾಡುವವರಿಗೆ: ಹಾಳೆ 6 ಎಂಎಂ, ತೂತು 5 ಎಂಎಂ ಮೀರದಿರಲಿ, ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲಿರಲಿ. ಅಂಟಿಸಲು ಅಕ್ವೇರಿಯಂ ಸಿಲಿಕಾನೇ ಬೇಕು. ಬಚ್ಚಲಿಗೆ ಬಳಸುವುದರಲ್ಲಿ ಬೂಸುರು ತಡೆಯುವ ವಿಷ ಬೆರೆಸಿರುತ್ತಾರೆ. ಫಾಲ್ಸ್ ಸೀಲಿಂಗಿನ ದೀಪಕ್ಕೆ ಹಾಕುವ ಜಾಳಿಗೆ ಅಗ್ಗವೇನೋ ಹೌದು, ಆದರೆ ಅದರ ಕಂಡಿಯಲ್ಲಿ ಗಪ್ಪಿ ಆರಾಮಾಗಿ ದಾಟಿ ಆಮೆಯ ಕಡೆ ಹೋಗುತ್ತದೆ. ಈ ಆಯ್ಕೆಗೆ ಇದಕ್ಕಿಂತ ಹೆಚ್ಚು ಮಾತು ಖರ್ಚು ಮಾಡಬೇಕಿಲ್ಲ.

ಆಯ್ಕೆ ಮೂರು: ಆಮೆಗೆ ಟಬ್ಬು, ಮೀನಿಗೆ ಗಾಜು

ಹೆಚ್ಚಿನ ಮನೆಗಳಿಗೆ ಇದೇ ಸರಿ. ಆಮೆಗೆ ಗಾಜೇ ಬೇಕೆಂದಿಲ್ಲ. ದನಗಳಿಗೆ ನೀರಿಡುವ 300 ಲೀಟರಿನ ದೊಡ್ಡ ಪ್ಲಾಸ್ಟಿಕ್ ಟಬ್ಬು ಅಥವಾ ಅಡ್ಡ ಕೊಯ್ದ ಹಳೆಯ ಸಿಂಟೆಕ್ಸ್ ಸಾಕು. ಗಾಜಿಗಿಂತ ಖರ್ಚು ಬಹಳ ಕಡಿಮೆ, ಒಡೆಯುವ ಭಯವಿಲ್ಲ, ವರಾಂಡದಲ್ಲಿ ಇಡಬಹುದು. ಕೊಯ್ದ ಅಂಚನ್ನು ಉಜ್ಜಿ ನುಣುಪು ಮಾಡಿ. ತಳಕ್ಕೊಂದು ಬಾಲ್ ವಾಲ್ವ್ ಕೂರಿಸಿದರೆ ನೀರು ಬದಲಿಸುವುದು ನಳ ತಿರುಗಿಸಿದಷ್ಟೇ ಕೆಲಸ. ಮೀನಿಗೆ 3×1×1.25 ಅಡಿಯ ಟ್ಯಾಂಕು, ತುಂಬಿದರೆ ಸುಮಾರು 105 ಲೀಟರ್.

ಈಗ ಕೊಡ ಎಣಿಸಿ. ಮೀನಿನ ಟ್ಯಾಂಕಿಗೆ ವಾರಕ್ಕೆ ಕಾಲು ಭಾಗ, ಎರಡು ಕೊಡದೊಳಗೆ ಮುಗಿಯಿತು. ಆಮೆಯ ಟಬ್ಬಿಗೆ ವಾರಕ್ಕೆ ಅರ್ಧ, ಹತ್ತು ಕೊಡ. ಒಟ್ಟು ನೀರು ಒಂದೇ ಟ್ಯಾಂಕಿಗಿಂತ ತುಸು ಹೆಚ್ಚೇ. ಹಾಗಿದ್ದರೆ ಲಾಭ ಎಲ್ಲಿ? ನಳ ತಡವಾದ ವಾರ ಆಮೆಯ ಹತ್ತು ಕೊಡ ನಾಲ್ಕು ದಿನ ಮುಂದೆ ಹೋಗಬಹುದು, ಮೀನಿನ ಎರಡು ಕೊಡ ಹೇಗೂ ಸಿಗುತ್ತದೆ. ಒಟ್ಟಿಗಿಟ್ಟರೆ ಈ ಸಡಿಲಿಕೆ ಇಲ್ಲ. ಆಮೆಯ ಹಳೆ ನೀರಿನಲ್ಲಿ ನೈಟ್ರೇಟ್ ತುಂಬಿರುತ್ತದೆ, ಮಲ್ಲಿಗೆ ದಾಸವಾಳಕ್ಕೆ ಗೊಬ್ಬರದ ಹಾಗೆ. ಕೊತ್ತಂಬರಿ, ಮೂಲಂಗಿ ಸೊಪ್ಪಿನಂಥ ಹಸಿಯಾಗಿ ತಿನ್ನುವ ಮಡಿಗೆ ಹಾಕಬೇಡಿ, ಆಮೆಯ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರುತ್ತದೆ. ಅದೇ ಕಾರಣಕ್ಕೆ ಆಮೆಯ ಸಾಮಾನನ್ನು ಅಡುಗೆಮನೆಯಲ್ಲಿ ತೊಳೆಯುವಂತಿಲ್ಲ, ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಬೇಕು, ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದು.

ನಳದ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರುತ್ತದೆ. ಅವಸರವಿದ್ದರೆ ಹೈಪೋ (ಸೋಡಿಯಂ ಥಯೋಸಲ್ಫೇಟ್) ಹರಳು, 100 ಲೀಟರಿಗೆ 1 ಗ್ರಾಂ. ಮಳೆಗಾಲದಲ್ಲಿ ರಾಡಿ ನೀರು ಬಂದರೆ ಎರಡು ದಿನ ತಿಳಿಯಾಗಲು ಬಿಟ್ಟು ಮೇಲಿನದಷ್ಟನ್ನೇ ಬಳಸಿ.

ಆಯ್ಕೆ ನಾಲ್ಕು: ಹಿತ್ತಲ ತೊಟ್ಟಿ

ಧಾರವಾಡದ ಹಳೆಯ ಬಡಾವಣೆಗಳಲ್ಲಿ, ಹಾವೇರಿ-ಗದಗದ ಊರುಮನೆಗಳಲ್ಲಿ ಜಾಗ ಇದ್ದವರಿಗೆ ಆಮೆ-ಮೀನು ನಿಜವಾಗಿ ಒಟ್ಟಿಗೆ ಬಾಳುವ ಜಾಗ ಇದೊಂದೇ. 6×4×2 ಅಡಿಯ ಸಿಮೆಂಟ್ ತೊಟ್ಟಿ 1,300 ಲೀಟರ್ ಮೀರಿ ಹಿಡಿಯುತ್ತದೆ. ಅಷ್ಟು ನೀರಿನಲ್ಲಿ ಹೊಲಸು ಚದುರುತ್ತದೆ, ಮೀನಿಗೆ ಓಡಲು ಜಾಗ ಸಿಗುತ್ತದೆ, ಬಿಸಿಲು ಪುಕ್ಕಟೆ. ಸೊಳ್ಳೆಮರಿಗೆ ಗಪ್ಪಿ ಇದ್ದೇ ಇದೆ.

ಹೊಸ ಸಿಮೆಂಟಿನ ಸುಣ್ಣ ನೀರಿಗೆ ಇಳಿದು ಮೀನನ್ನು ಸುಡುತ್ತದೆ. ತುಂಬಿಸಿ, ನಾಲ್ಕೈದು ದಿನ ಬಿಟ್ಟು ಚೆಲ್ಲಿ, ಹೀಗೆ ಮೂರು-ನಾಲ್ಕು ಸಲ ಮಾಡಿ ಪಿಎಚ್ 8.5ಕ್ಕಿಂತ ಕೆಳಗೆ ಬಂದ ಮೇಲೆಯೇ ಜೀವ ಬಿಡಬೇಕು. ಅರ್ಧಕ್ಕೆ ನೆರಳು ಕಟ್ಟಿ. ಹದ್ದು, ಕಾಗೆ, ಬೆಕ್ಕು, ಮುಂಗುಸಿಗೆ ಮೇಲೆ ಜಾಳಿಗೆ. ಗೋಡೆಯ ತುದಿಯಲ್ಲಿ ಒಳಮುಖಕ್ಕೆ ಅರ್ಧ ಅಡಿ ಚಾಚು ಬೇಕು, ಇಲ್ಲದಿದ್ದರೆ ಆಮೆ ಮೂಲೆ ಹಿಡಿದು ಏರುತ್ತದೆ. ಚಿಪ್ಪು 10 ಸೆಂಟಿಮೀಟರ್ ಆಗುವ ತನಕ ಮರಿಯನ್ನು ಹೊರಗೆ ಬಿಡುವುದು ಬೇಡ.

ಹೆಚ್ಚು ಜನ ಮರೆಯುವುದು ಉಕ್ಕುವ ನೀರಿನ ಪೈಪು. ಜೋರು ಮಳೆಗೆ ತೊಟ್ಟಿ ತುಂಬಿ ಹರಿದರೆ ಆಮೆ ಅದರ ಜೊತೆ ಗಟಾರಕ್ಕೆ, ಗಟಾರದಿಂದ ನಾಲಾಕ್ಕೆ ಹೋಗುತ್ತದೆ. ಪೈಪಿನ ಬಾಯಿಗೆ ಜಾಳಿಗೆ ಬಿಗಿಯಿರಿ. ಈ ಸ್ಲೈಡರ್ ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಉಣಕಲ್ ಕೆರೆಗೋ ಕೆಲಗೇರಿಗೋ ಭೀಷ್ಮ ಕೆರೆಗೋ ಸೇರಿದರೆ ಅಲ್ಲಿನ ಆಮೆಗಳ ಬಿಸಿಲು ಕಾಯುವ ಕಲ್ಲು, ಕೂಳು ಎರಡನ್ನೂ ಕಸಿಯುತ್ತದೆ. ಸಾಕಲಾಗದೆ "ಪುಣ್ಯ ಬರ್ತದ" ಎಂದು ಕೆರೆಗೆ ಬಿಡುವವರೂ ಮಾಡುವುದು ಇದನ್ನೇ.

ಬಿಸಿ, ಬೆಳಕು, ಕೂಳು

ಆಮೆಗೆ ನೀರು 24-27 ಡಿಗ್ರಿ, ಮೈ ಒಣಗಿಸುವ ಜಾಗ 30-33 ಡಿಗ್ರಿ. ಡೇನಿಯೋ, ರೋಸಿ ಬಾರ್ಬ್ 24ರ ಆಸುಪಾಸಿನಲ್ಲಿ ಸುಖವಾಗಿರುತ್ತವೆ. ಧಾರವಾಡದ ಡಿಸೆಂಬರ್ ರಾತ್ರಿ 14-15 ಡಿಗ್ರಿಗೆ ಇಳಿದಾಗ ಹೀಟರ್ ಬೇಕು, ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ. ಗಾಜಿನ ಹೀಟರನ್ನು ಆಮೆ ಬಡಿದು ಒಡೆಯುತ್ತದೆ, ತೂತಿನ ಪಿವಿಸಿ ಪೈಪಿನೊಳಗೆ ಕೂರಿಸಿ. ನೀರು 18ಕ್ಕಿಂತ ಕೆಳಗಿದ್ದ ದಿನ ಆಮೆಗೆ ಕೂಳು ಹಾಕಬೇಡಿ, ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ.

ಒಳಗಿಟ್ಟ ಆಮೆಗೆ ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ದೀಪ ಬೇಕೇ ಬೇಕು. ಕಿಟಕಿಯ ಗಾಜು ಯುವಿಬಿಯನ್ನು ತಡೆಯುತ್ತದೆ, ಗಾಜಿನಿಂದ ಬಂದ ಬಿಸಿಲು ಲೆಕ್ಕಕ್ಕಿಲ್ಲ. ಯುವಿಬಿ ಇಲ್ಲದೆ ಸುಣ್ಣದಂಶ ಮೈಗೆ ಹತ್ತುವುದಿಲ್ಲ, ಚಿಪ್ಪು ಒತ್ತಿದರೆ ಬಗ್ಗುವಷ್ಟು ಮೆತ್ತಗಾಗುತ್ತದೆ. ತಿಂಗಳ ಕರೆಂಟು ಹೀಗೆ: 25 ವ್ಯಾಟಿನ ಫಿಲ್ಟರು ದಿನವಿಡೀ ಓಡಿದರೆ 18 ಯೂನಿಟ್, 24 ವ್ಯಾಟಿನ ಯುವಿಬಿ ಮತ್ತು 50 ವ್ಯಾಟಿನ ಬಿಸಿ ದೀಪ ಹತ್ತು ತಾಸು ಉರಿದರೆ 22 ಯೂನಿಟ್. ಚಳಿಗಾಲದ ಹೀಟರ್ ಬೇರೆ. ಟಬ್ಬನ್ನು ನಿತ್ಯ ಎರಡು ತಾಸು ಎಳೆಬಿಸಿಲು ಬೀಳುವ ವರಾಂಡದಲ್ಲಿಟ್ಟರೆ, ಮೋಡ ಮುಸುಕಿದ ತಿಂಗಳು ಬಿಟ್ಟು ಉಳಿದಾಗ, ಆ 22 ಯೂನಿಟ್ ಬಹುಮಟ್ಟಿಗೆ ಉಳಿಯುತ್ತದೆ. ನೆರಳಿನ ಮೂಲೆಯೂ ಇರಬೇಕು, ಮೇ ತಿಂಗಳ ಮಧ್ಯಾಹ್ನ ಟಬ್ಬಿನ ನೀರು ಕಾಯುತ್ತದೆ.

ಒಣ ಸೀಗಡಿಯೊಂದನ್ನೇ ತಿನ್ನಿಸಿದರೆ ಎ ಜೀವಸತ್ವದ ಕೊರತೆಯಿಂದ ಕಣ್ಣು ಊದಿ ಮುಚ್ಚುತ್ತವೆ. ಮರಿಗೆ ಆಮೆ ಪೆಲೆಟ್ ದಿನಾ ಅದರ ತಲೆಯಷ್ಟು. ದೊಡ್ಡದಕ್ಕೆ ದಿನ ಬಿಟ್ಟು ದಿನ ಪೆಲೆಟ್, ಉಳಿದಂತೆ ಸೊಪ್ಪು: ದನಕ್ಕೆ ಬೆಳೆಸುವ ಅಜೋಲಾ, ಮೆಂತ್ಯೆ, ತುರಿದ ಗಜ್ಜರಿ. ಪಾಲಕ, ರಾಜಗಿರಿ ಅಪರೂಪಕ್ಕೆ ಮಾತ್ರ, ಅವುಗಳ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ತಳಕ್ಕೆ ಸಣ್ಣ ಹರಳು ಹಾಕಬೇಡಿ, ನುಂಗಿ ಕರುಳು ಕಟ್ಟಿಕೊಳ್ಳುತ್ತದೆ. ಆಮೆಯ ತಲೆಗಿಂತ ದೊಡ್ಡ ಹೊಳೆಗಲ್ಲು ಅಥವಾ ಬರೀ ತಳ.

ಈಗಾಗಲೇ ಎರಡಡಿ ಟ್ಯಾಂಕಿನಲ್ಲಿ ಎರಡೂ ಇದ್ದರೆ

ಹೊರಗೆ ತೆಗೆಯಬೇಕಾದದ್ದು ಆಮೆಯನ್ನು, ಮೀನನ್ನಲ್ಲ. ಮೀನು ಹಳೆಯ ಫಿಲ್ಟರಿನ ಬ್ಯಾಕ್ಟೀರಿಯಾವನ್ನು ನಂಬಿ ಬದುಕಿದೆ, ಹೊಸ ಟ್ಯಾಂಕಿನಲ್ಲಿ ಅದು ಕುದುರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆಮೆ ಹೊಸ ನೀರನ್ನು ತಡೆಯುತ್ತದೆ. ಟಬ್ಬು ತುಂಬಿಸಿ, ಕ್ಲೋರಿನ್ ಹೋಗಲು ಒಂದು ದಿನ ಬಿಡಿ. ಹಳೆಯ ಸ್ಪಂಜಿನಲ್ಲಿ ಮೂರನೇ ಒಂದು ಭಾಗ ಕತ್ತರಿಸಿ ಟಬ್ಬಿನ ಫಿಲ್ಟರಿಗೆ ತುರುಕಿ, ಅದು ಬೇಗ ಹೊಂದಿಕೊಳ್ಳುತ್ತದೆ. ಏರಿ ಕೂರಲು ಒಂದು ಕಡೆ ಇಟ್ಟಿಗೆಯ ಮೇಲೆ ಹಂಚು ಇಳಿಜಾರಾಗಿ ಇಡಿ, ಅಲುಗಾಡದಂತೆ ಒತ್ತಿ ನೋಡಿ. ಮೀನಿನ ಟ್ಯಾಂಕಿನಲ್ಲಿ ಆ ದಿನವೇ ಮೂರನೇ ಒಂದು ಭಾಗ ನೀರು ಬದಲಿಸಿ, ತಳದ ಕಸ ಪೈಪಿನಿಂದ ಎಳೆಯಿರಿ, ಮೂರು ದಿನ ಬಿಟ್ಟು ಇನ್ನೊಮ್ಮೆ. ಹರಿದ ಬಾಲ, ಗಾಯದ ಸುತ್ತ ಹತ್ತಿಯಂಥ ಬಿಳಿ ಇಲ್ಲದಿದ್ದರೆ, ಬರೀ ಶುದ್ಧ ನೀರಿನಲ್ಲೇ ಎರಡು-ಮೂರು ವಾರದಲ್ಲಿ ಮತ್ತೆ ಮೂಡತೊಡಗುತ್ತದೆ. ಹೊಸದಾಗಿ ಬೆಳೆದ ಅಂಚು ಮೊದಲು ಗಾಜಿನಷ್ಟು ತೆಳ್ಳಗೆ, ಬಣ್ಣವಿಲ್ಲದೆ ಕಾಣುತ್ತದೆ.